ತೋಟಕ್ಕೆ ಬಂದ ಕಾಡುಹಂದಿಗೆ ಗುಂಡು: ಒಂದು ಸ್ಪಷ್ಟನೆ

‘ನಾಗರಹೊಳೆ ದಾಟಿ ತೋಟಕ್ಕೆ ಬಂದ ಹಂದಿ ಕಾಡುಪ್ರಾಣಿ ಅಲ್ಲ, ಹೊಡೆಯಬಹುದು. ಕೊಡವರಿಗಂತೂ ಲೈಸೆನ್ಸೇ ಬೇಡ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ನಂಬಿ ಯಾರೂ ಕೇಸಿಗೆ ಸಿಕ್ಕಿಕೊಳ್ಳಬಾರದು ಅಂತ ಬರೆಯುತ್ತಿದ್ದೇನೆ.

ನಾಗರಹೊಳೆ ಒಂದು ಕಾಲಕ್ಕೆ ಮೈಸೂರು ಅರಸರ ಬೇಟೆ ಕಾಡು, ನಿಜ. ಆದರೆ 1972ರ ವನ್ಯಜೀವಿ ಕಾಯ್ದೆಗೆ ಕಾಡಿನ ಗಡಿ ಮುಖ್ಯವಲ್ಲ. ಹಂದಿ ಕಾಫಿ ತೋಟದಲ್ಲಿದ್ದರೂ ಗದ್ದೆಯಲ್ಲಿದ್ದರೂ ಅದು ಕಾಡುಪ್ರಾಣಿಯೇ. 2022ರ ತಿದ್ದುಪಡಿಯ ನಂತರ ಅದು ರಕ್ಷಿತ ಪ್ರಾಣಿಗಳ ಪಟ್ಟಿಯಾದ ಎರಡನೇ ಷೆಡ್ಯೂಲ್‌ನಲ್ಲಿದೆ.

ಇನ್ನು ಕೋವಿ ವಿಷಯ. ಕೊಡವರಿಗೂ ಜಮ್ಮಾ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ ಜಮೀನು) ಹಿಡುವಳಿದಾರರಿಗೂ ಲೈಸೆನ್ಸ್ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಿದರು. ಅದು ಕೋವಿ ಇಟ್ಟುಕೊಳ್ಳಲು ಮಾತ್ರ, ಬೇಟೆಗಲ್ಲ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ನಲ್ಲಿ ನಾವು ಪೂಜಿಸುವ ಕೋವಿಗೆ ಇಂಥ ಸುಳ್ಳಿನಿಂದ ಕೆಟ್ಟ ಹೆಸರು ಬರಬಾರದು, ಅಲ್ವಾ?

ಒಂದೇ ರಾತ್ರಿಯಲ್ಲಿ ಭತ್ತದ ಗದ್ದೆ ಉತ್ತಂತೆ ಆಗುವ ಸಂಕಟ ನನಗೆ ಗೊತ್ತು. ದಾರಿಯೂ ಇದೆ. ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲಲು ವನ್ಯಜೀವಿ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಬರಹದಲ್ಲಿ ಅನುಮತಿ ಕೊಡಬಹುದು. ಬಾಯಿ ಮಾತು ಸಾಲದು. ಹಂದಿ ಮೈಮೇಲೆ ಬಂದಾಗ ಜೀವ ಉಳಿಸಿಕೊಳ್ಳಲು ಕೊಂದರೆ ಅಪರಾಧವಲ್ಲ, ಆದರೆ ಸತ್ತ ಹಂದಿ ಸರ್ಕಾರದ ಸ್ವತ್ತು. ಮಾಂಸ ಹಂಚಿಕೊಳ್ಳುವ ಹಾಗಿಲ್ಲ.

ಉರುಳು ಮಾತ್ರ ದಯವಿಟ್ಟು ಹಾಕಬೇಡಿ. ಹಂದಿಗೆ ಇಟ್ಟ ತಂತಿಯಲ್ಲಿ ಚಿರತೆ, ಹುಲಿಗಳೂ ನರಳಿ ಸಾಯುತ್ತವೆ.