ಮ್ಯಾಕ್ಸ್ ಮತ್ತೆ ಬರ್ತಾನಂತೆ

ಆಸ್ಟ್ರೇಲಿಯಾದ ಸಾಹಸ ಚಿತ್ರಸರಣಿ ‘ಮ್ಯಾಡ್ ಮ್ಯಾಕ್ಸ್’ನ ಅಭಿಮಾನಿಯನ್ನು ಗುರುತಿಸುವುದು ಸುಲಭ. ಮುಂದಿನ ಚಿತ್ರ ಬರುತ್ತದೆ ಎಂದರೆ ನಂಬುವುದಿಲ್ಲ, ಬರುವುದಿಲ್ಲ ಎಂದರೆ ಜಗಳಕ್ಕೆ ನಿಲ್ಲುತ್ತಾನೆ. ಎರಡಕ್ಕೂ ಅವನ ಹತ್ತಿರ ಇರುವ ಆಧಾರ ಒಂದೇ, ಚಿತ್ರಗಳು ಬಂದ ಇಸವಿಗಳು. 1979, 1981, 1985, ಆಮೇಲೆ ಒಂದೇ ನೆಗೆತಕ್ಕೆ 2015ರ ‘ಫ್ಯೂರಿ ರೋಡ್’. ಮೂವತ್ತು ವರ್ಷ ಮಲಗಿದ್ದ ಸರಣಿ ಎದ್ದು ಬಂದು ಆರು ಆಸ್ಕರ್ ಹೊತ್ತುಕೊಂಡು ಹೋದದ್ದನ್ನು ಕಂಡವನ ಮುಂದೆ ‘ಇದರ ಕಥೆ ಮುಗೀತು’ ಅಂತ ಹೇಳಿ ನೋಡಿ.

ಈಗಿನ ಅನುಮಾನ ಶುರುವಾದದ್ದು 2024ರ ಮೇ ತಿಂಗಳಲ್ಲಿ, ಫ್ಯೂರಿ ರೋಡ್‌ನ ನಾಯಕಿಯ ಹಿಂದಿನ ಕಥೆ ಹೇಳುವ ‘ಫ್ಯೂರಿಯೋಸಾ’ ಬಿಡುಗಡೆಯಾದಾಗ. ತಯಾರಿಕೆಗೆ ಸುಮಾರು 16.8 ಕೋಟಿ ಡಾಲರ್ ಖರ್ಚು, ಪ್ರಪಂಚದಾದ್ಯಂತ ಗಳಿಕೆ 17.4 ಕೋಟಿಯ ಆಸುಪಾಸು. ಮೇಲ್ನೋಟಕ್ಕೆ ಅಸಲು ಬಂದ ಹಾಗೆ ಕಾಣುತ್ತದೆ. ಆದರೆ ಟಿಕೆಟ್ ಹಣದಲ್ಲಿ ಹತ್ತಿರಹತ್ತಿರ ಅರ್ಧ ಚಿತ್ರಮಂದಿರದವರದು, ಪ್ರಚಾರದ ಖರ್ಚು ಬೇರೆ. ಇಂಥ ಚಿತ್ರ ದಡ ಸೇರಬೇಕಾದರೆ ಹಾಕಿದ ಹಣದ ಎರಡೂವರೆ ಪಟ್ಟಾದರೂ ಬರಬೇಕು. ಆ ಲೆಕ್ಕ ಗೊತ್ತಿದ್ದೂ ಅಭಿಮಾನಿ ‘ಚಿತ್ರ ಚೆನ್ನಾಗಿತ್ತಲ್ಲ’ ಅನ್ನುತ್ತಾನೆ. ಚೆನ್ನಾಗಿಯೇ ಇತ್ತು. ಬ್ಯಾಂಕಿನವರಿಗೆ ಅದು ಉತ್ತರವಲ್ಲ, ಅಷ್ಟೆ.

ಫ್ಯೂರಿ ರೋಡ್ ಕಥೆ ಶುರುವಾಗುವ ಹಿಂದಿನ ವರ್ಷ ಮ್ಯಾಕ್ಸ್ ಎಲ್ಲಿದ್ದ ಎಂದು ಹೇಳುವ ‘ದಿ ವೇಸ್ಟ್‌ಲ್ಯಾಂಡ್’ ಎಂಬ ಕಥೆ ಬರೆದಿಟ್ಟಿದೆ ಎಂದು ನಿರ್ದೇಶಕ ಜಾರ್ಜ್ ಮಿಲ್ಲರ್ ಹಲವು ಸಲ ಹೇಳಿದ್ದಾರೆ. ಆಸೆಯೆಲ್ಲ ನಿಂತಿರುವುದು ಅದರ ಮೇಲೆ. ಮಿಲ್ಲರ್ ಹುಟ್ಟಿದ್ದು 1945ರಲ್ಲಿ. ಈ ಕೂಡು ಕಳೆಯನ್ನು ಮಾತ್ರ ಅಭಿಮಾನಿಗಳು ಗಟ್ಟಿಯಾಗಿ ಮಾಡುವುದಿಲ್ಲ.

ಅವರು ಗಟ್ಟಿಯಾಗಿ ಹೇಳಿಕೊಳ್ಳುವ ಭಯ ಬೇರೆ: ಬೇರೆ ಯಾರದೋ ಕೈಗೆ ಕೊಟ್ಟು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಮಾಡಿಬಿಟ್ಟರೆ? ಫ್ಯೂರಿ ರೋಡ್‌ನಲ್ಲಿ ಗ್ರಾಫಿಕ್ಸೇ ಇಲ್ಲ, ಎಲ್ಲ ಅಸಲಿ ಎಂಬ ನಂಬಿಕೆ ಅಷ್ಟು ಭದ್ರವಾಗಿ ಕೂತಿದೆ. ಅದರಲ್ಲಿ ಗ್ರಾಫಿಕ್ಸ್ ಮುಟ್ಟಿದ ಶಾಟ್‌ಗಳು ಸುಮಾರು ಎರಡು ಸಾವಿರ. ಫ್ಯೂರಿಯೋಸಾಳ ಎಡಗೈ ಕಾಣೆಯಾದದ್ದು, ಮರಳಿನ ಬಿರುಗಾಳಿ ಎದ್ದದ್ದು, ಸ್ಟಂಟಿನವರ ಸೊಂಟಕ್ಕೆ ಕಟ್ಟಿದ್ದ ತಂತಿ ಮಾಯವಾದದ್ದು ಎಲ್ಲವೂ ಕಂಪ್ಯೂಟರಿನ ಕೆಲಸ. ಆದರೆ ತೂಕವಿರುವ ವಸ್ತುವಿನ ವಿಷಯದಲ್ಲಿ ಮೋಸ ಕಡಿಮೆ. ಲಾರಿ ನಿಜ, ಧೂಳು ನಿಜ. ಓಡುವ ಗಾಡಿಯ ಮೇಲೆ ನೆಟ್ಟ ಉದ್ದನೆಯ ಕೋಲು, ಅದರ ತುದಿಯಲ್ಲಿ ತೂಗಾಡುವ ಮನುಷ್ಯ, ಬುಡದಲ್ಲಿ ಅವನನ್ನು ಸರಿದೂಗಿಸುವ ಭಾರ, ಮೂರೂ ನಿಜ. ಬೆಂಕಿ ಉಗುಳುವ ಗಿಟಾರ್ ಕೂಡ ನಿಜವಾಗಿಯೇ ಉಗುಳುತ್ತಿತ್ತು. ಗಾಡಿ ಹೊರಳಿದಾಗ ಅದು ಎಷ್ಟು ಟನ್ ಇರಬಹುದೆಂದು ನೋಡುವವನ ಕಣ್ಣು ತಾನಾಗಿ ಅಂದಾಜು ಮಾಡುತ್ತದೆ, ಅಲ್ಲಿ ತಪ್ಪಿದರೆ ಚಿತ್ರ ಆಟಿಕೆಯಾಗುತ್ತದೆ. ಫ್ಯೂರಿಯೋಸಾದ ಮೊದಲ ಟ್ರೇಲರ್ ಬಂದಾಗ ಎದ್ದ ಗೊಣಗಾಟವೂ ಇದೇ.

ಆದರೂ ಕಂಪ್ಯೂಟರನ್ನು ಬೈಯುವವರು ಬೈಯಬೇಕಾದ ಜಾಗ ಬಿಟ್ಟು ಬೈಯುತ್ತಿದ್ದಾರೆ. ಈ ಸರಣಿಗೆ ಬೇಕಾದ ನಿಜವಾದ ಕಚ್ಚಾವಸ್ತು ಕಬ್ಬಿಣವಲ್ಲ, ಪುರುಸೊತ್ತು. ಫ್ಯೂರಿ ರೋಡ್‌ಗಾಗಿ ಚಿತ್ರಿಸಿದ್ದು ಸುಮಾರು 480 ಗಂಟೆ. ನಿದ್ದೆ ಊಟ ಬಿಟ್ಟು ಒಮ್ಮೆ ನೋಡಿ ಮುಗಿಸಲಿಕ್ಕೇ ಇಪ್ಪತ್ತು ದಿನ ಬೇಕು. ಸಂಕಲನಕಾರ್ತಿ ಮಾರ್ಗರೆಟ್ ಸಿಕ್ಸೆಲ್ ಅದರಿಂದ ಎರಡು ಗಂಟೆ ತೆಗೆದರು, ಸುಮಾರು 2700 ತುಂಡುಗಳಲ್ಲಿ. ಒಂದು ತುಂಡಿಗೆ ಸರಾಸರಿ ಎರಡೂವರೆ ಸೆಕೆಂಡಿನ ಮೇಲೆ ಸ್ವಲ್ಪ. ಇಷ್ಟು ಬೇಗ ಕತ್ತರಿಸಿದರೆ ತಲೆನೋವು ಬರಬೇಕಿತ್ತು, ಬರಲಿಲ್ಲ. ನೋಡಬೇಕಾದ ಮುಖ, ಕೈ, ಬಂದೂಕು ಬಹುಪಾಲು ಪರದೆಯ ನಟ್ಟನಡುವೆಯೇ ಇರುತ್ತದೆ. ಶಾಟ್ ಬದಲಾದರೂ ಕಣ್ಣು ಎಡಬಲ ಹುಡುಕುವ ಕೆಲಸ ಇಲ್ಲ. ಇದನ್ನು ನಕಲು ಮಾಡಲು ಹೊರಟವರು ವೇಗವನ್ನಷ್ಟೇ ತೆಗೆದುಕೊಂಡು ನಡುಗೆರೆಯನ್ನು ಮರೆಯುತ್ತಾರೆ. ಆಗ ಯಾರು ಯಾರನ್ನು ಹೊಡೆದರು ಎಂದು ಪಕ್ಕದವರನ್ನು ಕೇಳಬೇಕಾಗುತ್ತದೆ. ಫ್ಯೂರಿಯೋಸಾದಲ್ಲಿ ಟ್ಯಾಂಕರ್ ಮೇಲೆ ನಡೆಯುವ ಹದಿನೈದು ನಿಮಿಷದ ಕಾಳಗಕ್ಕೆ 78 ದಿನ ಚಿತ್ರೀಕರಣ ಆಗಿತ್ತು. ಅಷ್ಟು ದಿನ ಕೊಡುವ ನಿರ್ಮಾಪಕ ಸಿಕ್ಕರೆ ನಿರ್ದೇಶಕ ಯಾರಾದರೂ ಅರ್ಧ ಗೆದ್ದ ಹಾಗೆ.

ಹಣವೇ ಬೇಡ, ಮೊದಲ ಚಿತ್ರದ ಹಾಗೆ ಸಣ್ಣದಾಗಿ ಮಾಡಲಿ ಎನ್ನುವ ಪಂಥವೂ ಒಂದಿದೆ. ಮಿಲ್ಲರ್ ವೈದ್ಯರು, ಆಸ್ಪತ್ರೆಯ ತುರ್ತು ವಿಭಾಗದಲ್ಲಿ ರಸ್ತೆ ಅಪಘಾತಗಳನ್ನು ಕಂಡವರು. ಗೆಳೆಯ ಬೈರನ್ ಕೆನೆಡಿ ಜೊತೆ ಸುಮಾರು ನಾಲ್ಕು ಲಕ್ಷ ಆಸ್ಟ್ರೇಲಿಯನ್ ಡಾಲರಿನೊಳಗೆ ಮೊದಲನೆಯದನ್ನು ಮುಗಿಸಿದರು. ಒಡೆಯಲು ಗಾಡಿ ಸಾಲದೆ ತಮ್ಮದೇ ನೀಲಿ ವ್ಯಾನನ್ನೂ ಬಲಿ ಕೊಟ್ಟರು. ಚೆಂದದ ಕಥೆ. ಆದರೆ ಮೆಲ್ಬರ್ನ್ ಸುತ್ತಲಿನ ರಸ್ತೆಗಳಲ್ಲಿ ಅಂದು ಮಾಡಿದ್ದರಲ್ಲಿ ಅರ್ಧಕ್ಕೆ ಇಂದು ವಿಮೆ ಕಂಪನಿ ಸಹಿ ಹಾಕುವುದಿಲ್ಲ, ಹಾಕಲೂಬಾರದು.

ಗಾಡಿಯ ವಿಷಯ ಬಂದರೆ ಅಭಿಮಾನಿ ಅರಳುತ್ತಾನೆ. ಮ್ಯಾಕ್ಸ್‌ನ ಕಪ್ಪು ಕಾರು 1973ರ ಫೋರ್ಡ್ ಫಾಲ್ಕನ್ ಎಕ್ಸ್‌ಬಿ. ಬಾನೆಟ್ ಸೀಳಿಕೊಂಡು ಮೇಲೆದ್ದ, ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸೂಪರ್‌ಚಾರ್ಜರನ್ನು ಗೇರ್ ಹಿಡಿಯ ಗುಂಡಿಯಿಂದ ಬೇಕೆಂದಾಗ ಚಾಲೂ ಮಾಡುವ ದೃಶ್ಯಕ್ಕೆ ಮನಸೋಲದವರಿಲ್ಲ. ಯಾವುದೇ ಮೆಕ್ಯಾನಿಕ್ ನಕ್ಕುಬಿಡುತ್ತಾನೆ. ಆ ಜಾತಿಯ ಚಾರ್ಜರ್ ಕೂರುವುದು ಇಂಜಿನ್ ಉಸಿರಾಡುವ ದಾರಿಯಲ್ಲೇ. ಅದರ ರೋಟರ್ ನಿಂತರೆ ಗಾಳಿ ಒಳಗೆ ಹೋಗದೆ ಇಂಜಿನ್ ಆರಿಹೋಗಬೇಕು. ಚಿತ್ರದಲ್ಲಿದ್ದದ್ದು ಬರೀ ಮೇಲಲಂಕಾರ. ಇನ್ನೊಂದು ತಕರಾರು: ಎರಡನೇ ಚಿತ್ರದಲ್ಲಿ ಸ್ಫೋಟಗೊಂಡು ಚೂರಾದ ಈ ಕಾರು 2015ರಲ್ಲಿ ಮತ್ತೆ ಹೇಗೆ ಬಂತು? ಇದಕ್ಕೆ ಯಾವ ಘಟನೆ ಯಾವಾಗ ನಡೆಯಿತೆಂದು ಪಂಚಾಂಗ ಬರೆದವರಿದ್ದಾರೆ, ಮ್ಯಾಕ್ಸ್‌ಗಳು ಇಬ್ಬರು ಎಂದು ಸಾಧಿಸಿದವರೂ ಇದ್ದಾರೆ. ಇವು ಬಾಯಿಂದ ಬಾಯಿಗೆ ಬಂದ ದಂತಕಥೆಗಳು, ತಾಳೆ ಹಾಕಬೇಡಿ ಎಂಬುದು ಮಿಲ್ಲರ್ ಧೋರಣೆ. ಅಭಿಮಾನಿ ತಲೆಯಾಡಿಸಿ ಮತ್ತೆ ಪಂಚಾಂಗ ಬಿಚ್ಚುತ್ತಾನೆ. ಈ ನಡುವೆ ಆಸ್ಟ್ರೇಲಿಯಾದಲ್ಲಿ ಫೋರ್ಡ್ ಕಾರು ತಯಾರಿಕೆಯೇ 2016ರ ಅಕ್ಟೋಬರಿನಲ್ಲಿ ನಿಂತುಹೋಯಿತು. ಫಾಲ್ಕನ್ ಈಗ ಒಡೆಯುವ ವಸ್ತುವಲ್ಲ, ಬೀಗ ಹಾಕಿಡುವ ವಸ್ತು.

ಮೆಲ್ ಗಿಬ್ಸನ್ ಜಾಗಕ್ಕೆ ಟಾಮ್ ಹಾರ್ಡಿ ಬಂದದ್ದನ್ನು ಜನ ನುಂಗಿಕೊಂಡರು. ಫ್ಯೂರಿಯೋಸಾದಲ್ಲಿ ದೂರದ ಬೆಟ್ಟದ ಮೇಲೆ ಒಂದು ಗಳಿಗೆ ಕಾಣುವ ಮ್ಯಾಕ್ಸ್ ಹಾರ್ಡಿಯ ಸ್ಟಂಟ್ ಡೂಪ್, ಅದಕ್ಕೂ ಶಿಳ್ಳೆ ಬಿತ್ತು. ಹಾಗಾಗಿ ಇನ್ನು ಮುಂದೆ ನಾಯಕ ಇಂಥವನಂತೆ ಎಂಬ ಸುದ್ದಿ ಬಂದರೆ ಪಕ್ಕಕ್ಕಿಡಬಹುದು. ಕೇಳಬೇಕಾದ ಪ್ರಶ್ನೆ, ಗಾಡಿ ಕಟ್ಟುವ ಶೆಡ್ಡಿನಲ್ಲಿ ವೆಲ್ಡಿಂಗ್ ಶುರುವಾಯಿತೇ ಎಂಬುದು. ಅದನ್ನೂ ಪೂರ್ತಿ ನಂಬುವ ಹಾಗಿಲ್ಲ. ಫ್ಯೂರಿ ರೋಡ್ ಚಿತ್ರೀಕರಣ ಮೊದಲು ನಿಗದಿಯಾಗಿದ್ದು ನ್ಯೂ ಸೌತ್ ವೇಲ್ಸಿನ ಬ್ರೋಕನ್ ಹಿಲ್ ಬೆಂಗಾಡಿನಲ್ಲಿ. ಗಾಡಿಗಳು ತಯಾರಾಗುವ ಹೊತ್ತಿಗೆ ಅಲ್ಲಿ ಎಂದೂ ಇಲ್ಲದ ಮಳೆ ಹುಯ್ದು, ಪ್ರಳಯಾನಂತರದ ಮರುಭೂಮಿಯಾಗಬೇಕಿದ್ದ ಜಾಗದ ತುಂಬ ಹೂವರಳಿತು. ಕಡೆಗೆ ಗಾಡಿಗಳನ್ನೆಲ್ಲ ಹಡಗಿಗೇರಿಸಿ ನಮೀಬಿಯಾಕ್ಕೆ ಸಾಗಿಸಿ 2012ರಲ್ಲಿ ಚಿತ್ರೀಕರಿಸಿದರು. ಆದ್ದರಿಂದ ವೆಲ್ಡಿಂಗ್ ಸುದ್ದಿಯ ಜೊತೆಗೆ ಬ್ರೋಕನ್ ಹಿಲ್‌ನ ಹವಾಮಾನ ವರದಿಯನ್ನೂ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.