ಪಾಂಪೆಯ ಮನೆಗೆ ಅಡುಗೆಮನೆ ಕಡೆಯಿಂದ ಹೋಗಬೇಕು

ರೋಮನ್ನರ ನಗರ ಯೋಜನೆಯನ್ನು ಹೊಗಳುವ ಪೋಸ್ಟುಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಹೊಗಳಲಿ, ತಪ್ಪೇನಿಲ್ಲ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಉಗುಳಿದ ಬೂದಿಯಡಿ ಹೂತುಹೋದ ಇಟಲಿಯ ರೋಮನ್ ಪಟ್ಟಣ ಪಾಂಪೆಯ ಬೀದಿಗಳನ್ನೇ ನೋಡಿ. ಇಕ್ಕೆಲಗಳಲ್ಲಿ ಎತ್ತರದ ಫುಟ್‌ಪಾತ್, ಅಲ್ಲಲ್ಲಿ ರಸ್ತೆ ದಾಟಲು ದಪ್ಪ ಕಲ್ಲುಗಳು, ಕಲ್ಲುಗಳ ನಡುವೆ ಗಾಡಿಯ ಚಕ್ರ ಹಾಯುವಷ್ಟು ಸಂದು. ಊರಿನ ಬಹುಪಾಲು ಬೀದಿಗಳಿಗೆ ಒಳಚರಂಡಿ ಇರಲಿಲ್ಲ. ಮಳೆನೀರು, ಕೊಳಕು ಎಲ್ಲ ರಸ್ತೆ ಮೇಲೇ ಹರಿಯುತ್ತಿದ್ದುದರಿಂದ ಕಾಲು ನೆನೆಯದಂತೆ ಈ ಏರ್ಪಾಡು.

ನನ್ನ ತಕರಾರು ಮನೆಗಳನ್ನು ನಾವು ನೋಡುವ ಬಗೆಯ ಮೇಲೆ. ಎಲ್ಲರೂ ಹೆಬ್ಬಾಗಿಲಿನಿಂದ ನೇರ ಆತ್ರಿಯಮ್ಮಿಗೆ ನುಗ್ಗುತ್ತಾರೆ. ತೊಟ್ಟಿಮನೆ ಕಂಡ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ: ಸೂರಿನ ನಡುವೆ ಆಕಾಶ, ಕೆಳಗೆ ಮಳೆನೀರಿನ ತೊಟ್ಟಿ, ಅದರಡಿ ಸಂಪು. ಸುತ್ತಲೂ ಬಣ್ಣದ ಗೋಡೆ. ಬಂದವರ ಕಣ್ಣು ಕೋರೈಸಲೆಂದೇ ಕಟ್ಟಿದ್ದು ಅದು. ಎರಡು ಸಾವಿರ ವರ್ಷದ ನಂತರವೂ ನಾವು ಯಜಮಾನ ತೋರಿಸಿದ್ದನ್ನಷ್ಟೇ ನೋಡಿ ಬರುತ್ತೇವೆ.

2023ರಲ್ಲಿ ನೋಡುಗರಿಗೆ ಮತ್ತೆ ತೆರೆದ ಪಾಂಪೆಯ ವೆಟ್ಟಿಯವರ ಮನೆಯನ್ನೇ ತೆಗೆದುಕೊಳ್ಳಿ. ಅದರ ಒಡೆಯರು ಕಾನ್ವಿವಾ ಮತ್ತು ರೆಸ್ಟಿಟ್ಯೂಟಸ್, ಗುಲಾಮಗಿರಿಯಿಂದ ಬಿಡುಗಡೆ ಪಡೆದು ಸಿರಿವಂತರಾದವರು ಎನ್ನಲಾಗುತ್ತದೆ. ಅಂಥವರ ಮನೆಯಲ್ಲೂ ಕೆಲಸದವರಿಗೆ ಪಕ್ಕದಲ್ಲೊಂದು ಬೇರೆಯೇ ಪುಟ್ಟ ಅಂಗಳ, ಅದರಾಚೆ ಅಡುಗೆಮನೆ. ಒಲೆಯ ಮೇಲೆ ಕಂಚಿನ ಪಾತ್ರೆಗಳು ಇಟ್ಟಂತೆಯೇ ಸಿಕ್ಕವು. ಪಾಂಪೆಯ ಎಷ್ಟೋ ಮನೆಗಳಲ್ಲಿ ಒಲೆಯ ಪಕ್ಕದಲ್ಲೇ ಕಕ್ಕಸು. ಅಲ್ಲಿ ದಿನವಿಡೀ ನಿಂತು ಬೇಯಿಸಿದವರು ಯಾರು ಎಂದು ಕೇಳದೆ ಆ ಮನೆ ಹೇಗೆ ಅರ್ಥವಾದೀತು?

ನೀರಿನ ಕಥೆಯೂ ಅಷ್ಟೆ. ಅನುಕೂಲಸ್ಥರ ಮನೆಗೆ ಸೀಸದ ಕೊಳವೆಯಲ್ಲಿ ನೀರು ಬರುತ್ತಿತ್ತು, ತೋಟದ ಕಾರಂಜಿಗೂ ಸಾಲುವಷ್ಟು. ಮಿಕ್ಕವರಿಗೆ ಬೀದಿಯ ನೀರುತೊಟ್ಟಿ. ಅಂಥವು ಸುಮಾರು 40 ಸಿಕ್ಕಿವೆ. ನೀರು ಹಿಡಿಯಲು ಬಗ್ಗಿದವರು ಕೈಯೂರಿ ಊರಿ ಕೆಲವು ತೊಟ್ಟಿಗಳ ಅಂಚು ಸವೆದೇ ಹೋಗಿದೆ. ನನಗೆ ಇಡೀ ಪಾಂಪೆಯಲ್ಲಿ ಯಾವ ಭಿತ್ತಿಚಿತ್ರಕ್ಕಿಂತಲೂ ದೊಡ್ಡದು ಆ ಸವಕಲು ಕಲ್ಲು. ಅಂಗಡಿ ಮೇಲಿನ ಬಾಡಿಗೆ ಕೋಣೆಗಳಲ್ಲಿ ಎಷ್ಟೋ ಕಡೆ ಒಲೆಯೂ ಇರಲಿಲ್ಲ, ಊಟಕ್ಕೆ ಬೀದಿಬದಿಯ ಅಂಗಡಿಯೇ ಗತಿ. ಜುಲೈ 1ರಿಂದ ಅಂಗಡಿ, ಮೇಲಂತಸ್ತಿನ ಕೋಣೆ ಬಾಡಿಗೆಗಿವೆ ಎಂದು ಗೋಡೆಯ ಮೇಲೆ ಬರೆಸಿದ್ದ ಜಾಹೀರಾತೊಂದು ಸಿಕ್ಕಿದೆ!

ಈ ಜನ ನಮಗೆ ಇಷ್ಟು ಕಾಲ ಕಾಣದಿದ್ದುದಕ್ಕೆ ಅಗೆದವರೂ ಕಾರಣ. 1748ರಲ್ಲಿ ಶುರುವಾದ ಅಗೆತಕ್ಕೆ ಬೇಕಿದ್ದದ್ದು ನೇಪಲ್ಸಿನ ರಾಜನ ಸಂಗ್ರಹಕ್ಕೆ ಒಪ್ಪುವ ಪ್ರತಿಮೆ, ಚಿತ್ರ. ಈಗ ನೋಟ ಬದಲಾಗಿದೆ. 2021ರಲ್ಲಿ ಪಾಂಪೆಯ ಹೊರವಲಯದ ಚಿವಿತಾ ಜುಲಿಯಾನಾದಲ್ಲಿ ಗುಲಾಮರದೆನ್ನಲಾದ ಕೋಣೆ ಸಿಕ್ಕಿತು: ಸುಮಾರು 16 ಚದರ ಮೀಟರ್, ಮೂರು ಮಂಚ, ಮೇಲೊಂದು ಚಿಕ್ಕ ಕಿಟಕಿ. ಒಂದು ಮಂಚದ ಉದ್ದ 1.4 ಮೀಟರ್ ಮಾತ್ರ, ಬಹುಶಃ ಮಗುವಿನದು. ಅದೇ ಕೋಣೆಯಲ್ಲಿ ಸಾಮಾನೂ ತುಂಬಿತ್ತು. ಸತ್ತವರ ದೇಹ ಬೂದಿಯಲ್ಲಿ ಬಿಟ್ಟ ಪೊಳ್ಳಿಗೆ ಜಿಪ್ಸಮ್ ಸುರಿದು ಅಚ್ಚು ತೆಗೆಯುವ ವಿಧಾನವನ್ನು 1863ರಲ್ಲಿ ಪುರಾತತ್ವಜ್ಞ ಫಿಯೊರೆಲ್ಲಿ ಬಳಕೆಗೆ ತಂದರು. ಅದೇ ವಿಧಾನದಲ್ಲಿ ಈಗ ಆ ಮಂಚಗಳ ಹಗ್ಗದ ಹೆಣಿಗೆಯ ಅಚ್ಚನ್ನೂ ತೆಗೆದಿದ್ದಾರೆ. ಊರಿನ ಮೂರನೇ ಒಂದು ಭಾಗ ಇನ್ನೂ ಮಣ್ಣಿನಡಿ ಇದೆ. ಅದನ್ನು ಹೀಗೇ ಅಗೆಯಲಿ.