ಬ್ರಿಗೇಡ್ ರೋಡಿನ ಹಳೇ ಕ್ರಿಸ್ಮಸ್ ಬೋರ್ಡ್‌ಗಳು ಯಾರ ಹತ್ರ ಇದಾವೆ?

ಡಿಸೆಂಬರ್ ಬಂತು ಅಂದ್ರೆ ಹಳೇ ಬೆಂಗಳೂರಿನ ಫೋಟೋ ಶೇರ್ ಮಾಡೋರು ಜಾಸ್ತಿ ಆಗ್ತಾರೆ, ಖುಷಿನೇ. ಆದ್ರೆ ನಾನು ನೋಡೋ ಫೋಟೋಗಳಲ್ಲಿ ಚರ್ಚು, ಬಂಗ್ಲೆ, ಪ್ರತಿಮೆ ಇವೇ ಇರತ್ತೆ. ಅಂಗಡಿ ಗಾಜಿನ ಮೇಲೆ ಬರೆದಿದ್ದ ಕ್ರಿಸ್ಮಸ್ ಶುಭಾಶಯ, ಬಾಗಿಲಿಗೆ ಕಟ್ಟಿದ್ದ ಪೇಪರ್ ಸ್ಟಾರು, ಪ್ಲಮ್ ಕೇಕಿನ ರೇಟ್ ಬೋರ್ಡು ಹುಡುಕಿದ್ರೂ ಸಿಗಲ್ಲ. ನನಗಿದು ಸುಮ್ನೆ ಬಿಡೋ ವಿಷ್ಯ ಅಲ್ಲ, ಯಾಕಂದ್ರೆ ನಮ್ಮ ಚಿಕ್ಕಪ್ಪ ಅಂಥ ಬೋರ್ಡ್ ಬರೀತಿದ್ದೋರು.

ದಂಡು ಪ್ರದೇಶದಲ್ಲಿ, ಅಂದ್ರೆ ಕಂಟೋನ್ಮೆಂಟಲ್ಲಿ, ಅವ್ರಿಗೆ ಆ ತಿಂಗಳು ನಿದ್ದೆನೇ ಇರ್ತಿರ್ಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಗಾಜಿನ ಒಳಗಡೆ ಕೂತು ಬರೆಯೋದು, ಹೊರಗಿನಿಂದ ಓದೋರಿಗೆ ಸರಿ ಕಾಣ್ಬೇಕಲ್ಲ, ಅದಕ್ಕೆ ಒಂದೊಂದು ಅಕ್ಷರಾನೂ ಉಲ್ಟಾ ಬರೀಬೇಕು, ಇಂಗ್ಲಿಷ್ ಆದ್ರೂ ಕನ್ನಡ ಆದ್ರೂ ಅವ್ರ ಕೈ ತಡವರಿಸ್ತಿರ್ಲಿಲ್ಲ. ದಾರಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ ಒಂದು ತುದಿ ನನ್ನ ಕೈಗೆ ಕೊಟ್ಟು, ಬಿಗಿಯಾಗಿ ಎಳೆದು ಟಪ್ ಅಂತ ಬಿಟ್ರೆ ಗಾಜಿನ ಮೇಲೆ ನೆಟ್ಟಗೆ ಗೆರೆ ಬೀಳೋದು. ಮೂಲೆಗಳಲ್ಲಿ ಮೈದಾ ಗೋಂದಿನಲ್ಲಿ ಹತ್ತಿ ಅಂಟಿಸಿದ್ರೆ ಅದೇ ಹಿಮ. ಹೊಸ ವರ್ಷ ಕಳೀತಿದ್ದಂಗೇ ಒದ್ದೆ ಬಟ್ಟೇಲಿ ಎಲ್ಲಾ ಒರೆಸಿಬಿಡೋರು. ಒರೆಸೋಕೇ ಅಂತ ಮಾಡಿದ ಕೆಲಸ ಅದು, ಹಂಗಾಗಿ ಉಳಿದಿರೋದು ಇಷ್ಟೇ ಇಷ್ಟು.

ಈ ಊರಿನ ವ್ಯಾಪಾರದ ಕತೆ ದೊಡ್ಡದು ಕಣ್ರೀ. 1809ರಲ್ಲಿ ಬ್ರಿಟಿಷರ ದಂಡು ಬಂದು ಕೂತ ಮೇಲೆ ಅದರ ಸುತ್ತ ಅಂಗಡಿಗಳು ಬೆಳೆದ್ವು. ಮಾಸ್ಕ್ ರೋಡಿನ ಆಲ್ಬರ್ಟ್ ಬೇಕರಿ 1902ರದ್ದು, ರಸೆಲ್ ಮಾರ್ಕೆಟ್ 1927ರದ್ದು, ನೀಲಗಿರೀಸ್ ಅಂಗಡಿ ಬ್ರಿಗೇಡ್ ರೋಡಿಗೆ ಬಂದಿದ್ದು 1936ರಲ್ಲಿ. ಆ ನೀಲಗಿರೀಸಿನವ್ರು ಎಪ್ಪತ್ತರ ದಶಕದಲ್ಲಿ ಶುರು ಮಾಡಿದ ಕೇಕ್ ಶೋಗೆ ಜನ ಈಗ್ಲೂ ಮಕ್ಕಳನ್ನ ಕರ್ಕೊಂಡು ಹೋಗ್ತಾರೆ, ಸಕ್ಕರೇಲಿ ಮಾಡಿದ ಕೋಟೆ, ಅರಮನೆ ನೋಡೋಕೆ. ರಸೆಲ್ ಮಾರ್ಕೆಟ್ ಕಡೆ ಸ್ಟಾರ್ ಮಾರೋರಲ್ಲಿ ಎಷ್ಟೋ ಜನ ಮುಸ್ಲಿಮರು, ಎದುರಿಗೇ ಸೇಂಟ್ ಮೇರಿ ಬೆಸಿಲಿಕಾ. ಒಂದು ಏರಿಯಾದ ಜನ ಹೆಂಗೆ ಕೂಡಿ ಬಾಳಿದ್ರು ಅಂತ ತಿಳ್ಕೊಳೋಕೆ ಒಂದು ಹಳೇ ಹ್ಯಾಂಡ್‌ಬಿಲ್ ಸಾಕು, ಅದ್ರಲ್ಲಿ ಯಾವ ಭಾಷೆ ಇದೆ, ಏನು ಮಾರ್ತಿದ್ರು, ಎಷ್ಟಕ್ಕೆ, ಯಾರನ್ನ ನಂಬಿ ಅಂಗಡಿ ಇಟ್ಟಿದ್ರು ಎಲ್ಲಾ ಇರತ್ತೆ.

ಆಮೇಲೆ ಫ್ಲೆಕ್ಸ್ ಬಂತು, ಚಿಕ್ಕಪ್ಪನಿಗೆ ಕೆಲಸ ಹೋಯ್ತು.

ಹೋದ ವರ್ಷ ಗೊತ್ತಿರೋ ಅಂಗಡಿಯೊಂದು ಖಾಲಿ ಮಾಡ್ತಿದ್ರು. ನಾನು ಹೋಗೋಷ್ಟರಲ್ಲಿ ಮರದ ಸ್ಟಾರ್ ಫ್ರೇಮು, ತಗಡಿನ ಬೋರ್ಡು, ಒಂದು ಟ್ರಂಕ್ ತುಂಬಾ ಹಳೇ ಕ್ಯಾಲೆಂಡರು ಎಲ್ಲಾ ಗುಜರಿಗೆ ತೂಕಕ್ಕೆ ಹೋಗಿತ್ತು. ಒಂದು ಬೋರ್ಡಿನ ಮೂಲೇಲಿ ಚಿಕ್ಕಪ್ಪನ ಸಹಿ ಇತ್ತು ಅಂತ ಅಲ್ಲಿನ ಹುಡುಗ ಹೇಳ್ದ. ಅವತ್ತು ರಾತ್ರಿ ಊಟ ಸೇರಲಿಲ್ಲ.

ಅದಕ್ಕೇ ಕೇಳ್ತಿದೀನಿ. ಫ್ರೇಜರ್ ಟೌನ್, ಕಾಕ್ಸ್ ಟೌನ್, ಶಿವಾಜಿನಗರ, ಕಮರ್ಷಿಯಲ್ ಸ್ಟ್ರೀಟ್ ಕಡೆ ನಿಮ್ಮ ತಾತನ ಅಂಗಡಿ ಇದ್ದಿದ್ರೆ ಅಟ್ಟ ಹುಡುಕಿ, ಬಿಲ್ ಬುಕ್ಕು, ಕೇಕ್ ಡಬ್ಬ, ಏನು ಸಿಕ್ಕಿದ್ರೂ ಎಸೀಬೇಡಿ, ಮೊಬೈಲಲ್ಲಿ ಒಂದು ಫೋಟೋ ತೆಗೀರಿ, ಹಿಂದೆ ಮುಂದೆ ಎರಡೂ ಕಡೆ. ಮನೇಲಿ ಕ್ರಿಸ್ಮಸ್ ಟೈಮಲ್ಲಿ ಪೇಟೇಲಿ ತೆಗೆಸಿದ ಫ್ಯಾಮಿಲಿ ಫೋಟೋ ಇದ್ರೆ ಮುಖ ಬಿಟ್ಟು ಹಿಂದಿನ ಗಾಜು ನೋಡಿ. ಅದ್ರಲ್ಲಿ ಹತ್ತಿ ಹಿಮ ಕಂಡ್ರೆ ನಂಗೆ ಕಳಿಸಿ, ಚಿಕ್ಕಪ್ಪನಿಗೆ ತೋರಿಸ್ತೀನಿ, ಅಕ್ಷರ ನೋಡಿದ್ರೆ ಯಾರ ಕೈ ಅಂತ ಹೇಳ್ತಾರೆ.